ಸಹಿ ಬೀಳುವ ಊರು, ಹೊರೆ ಬೀಳುವ ಊರು



ರಾಜಧಾನಿಯಲ್ಲಿ ನೆಲೆಸಿರುವ ನಮಗೆ ಅಂತಾರಾಷ್ಟ್ರೀಯ ಸಮ್ಮೇಳನವೆಂದೊಡನೆ ಮೊದಲು ನೆನಪಾಗುವುದು ಮುಚ್ಚಿದ ರಸ್ತೆಗಳು. 1968ರಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನದ ಎರಡನೆಯ ಅಧಿವೇಶನ ಇಲ್ಲಿ ನಡೆಯಿತು. 1983ರ ಮಾರ್ಚ್‌ನಲ್ಲಿ ಅಲಿಪ್ತ ರಾಷ್ಟ್ರಗಳ ಏಳನೆಯ ಶೃಂಗಸಭೆ ನಡೆಯಿತು. 2023ರ ಸೆಪ್ಟೆಂಬರ್ 9 ಮತ್ತು 10ರಂದು ಪ್ರಗತಿ ಮೈದಾನದ ಭಾರತ್ ಮಂಟಪದಲ್ಲಿ ಜಿ-20 ರಾಷ್ಟ್ರಗಳ ನಾಯಕರು ಕಲೆತರು. ಆಫ್ರಿಕಾ ಒಕ್ಕೂಟಕ್ಕೆ ಆ ಬಳಗದ ಸದಸ್ಯತ್ವ ದೊರೆತದ್ದು ಇದೇ ಊರಿನಲ್ಲಿ. ಜಗತ್ತೆಲ್ಲ ಒಂದೇ ಕುಟುಂಬವೆಂಬ ಘೋಷಣೆ ಅಂದು ನಗರದ ಗೋಡೆಗೋಡೆಗಳ ಮೇಲಿತ್ತು. ಅದೇ ದಿನಗಳಲ್ಲಿ ಅತಿಥಿಗಳು ಹಾದುಹೋಗುವ ದಾರಿಯ ಕೆಲವು ಜೋಪಡಿಗಳ ಮುಂದೆ ಹಸಿರು ಪರದೆ ಕಟ್ಟಲಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಘೋಷಣೆಯೂ ನಿಜ, ಪರದೆಯೂ ನಿಜ. ಇವೆರಡರ ನಡುವಿನ ಅಂತರವೇ ಈ ಸಂಚಿಕೆಯ ಸಂಪಾದಕೀಯದ ವಿಷಯ.

ಸಾಮೂಹಿಕ ಭದ್ರತೆ, ಮಾನವ ಹಕ್ಕುಗಳು ಮತ್ತು ವ್ಯಾಪಾರ ಎಂಬ ಮೂರು ವಿಷಯಗಳ ಮೇಲೆ ಎರಡನೆಯ ಮಹಾಯುದ್ಧದ ತರುವಾಯದ ಜಗತ್ತು ತನ್ನ ಸಹಕಾರದ ಕಟ್ಟಡವನ್ನು ಕಟ್ಟಿಕೊಂಡಿತು. ಇವುಗಳ ಚರ್ಚೆ ನ್ಯೂಯಾರ್ಕ್, ಜಿನೀವಾ, ದೆಹಲಿಗಳಲ್ಲಿ ನಡೆಯುತ್ತದೆ. ಸಹಿಯೂ ಅಲ್ಲಿಯೇ ಬೀಳುತ್ತದೆ. ಹೊರೆ ಮಾತ್ರ ಬೇರೆ ಊರುಗಳ ಹೆಗಲ ಮೇಲೆ ಬೀಳುತ್ತದೆ. ಕೊಡಗಿನ ಮೆಣಸಿನ ಬಳ್ಳಿಯ ಮೇಲೆ, ಮಂಡ್ಯದ ಕಬ್ಬಿನ ಗದ್ದೆಯ ಮೇಲೆ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಹಾಡಿಯ ಮೇಲೆ ಅದು ಬೀಳುತ್ತದೆ. ಸಹಿ ಹಾಕುವವರು ಹೊರೆ ಹೊರುವವರನ್ನು ಕೇಳಿದರೆ? ಕೇಳದೆ ಹಾಕಿದರೆ ಏನಾಗುತ್ತದೆ? ಹುಟ್ಟೂರನ್ನು ಅಲ್ಲಿ ಬಿಟ್ಟು ಸಹಿಯ ಊರಿಗೆ ಬಂದು ನೆಲೆಸಿರುವ ಹೊರನಾಡ ಕನ್ನಡಿಗರಿಗೆ ಈ ಎರಡು ತುದಿಗಳೂ ಕಾಣುತ್ತವೆ. ಆದುದರಿಂದ ಈ ಪ್ರಶ್ನೆಯನ್ನು ಕೇಳುವ ಹೊಣೆಯೂ ನಮಗೆ ಸ್ವಲ್ಪ ಹೆಚ್ಚೇ ಇದೆಯೆಂದು ನಾನು ನಂಬಿದ್ದೇನೆ.

ಮೊದಲು ಭದ್ರತೆಯ ಮಾತು. ಸ್ವತಂತ್ರ ಭಾರತ ಭದ್ರತಾ ಮಂಡಳಿಯಲ್ಲಿ ಮೊದಲ ಬಾರಿಗೆ ಕುಳಿತದ್ದು 1950-51ರಲ್ಲಿ. ಅಲ್ಲಿ ನಮ್ಮ ಪ್ರತಿನಿಧಿಯಾಗಿದ್ದವರು ದಕ್ಷಿಣ ಕನ್ನಡದ ಬೆನಗಲ್ ಮನೆತನದ ಸರ್ ಬೆನಗಲ್ ನರಸಿಂಗ ರಾವ್. ಅದಕ್ಕೆ ಮುನ್ನ ಇದೇ ದೆಹಲಿಯಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ, ನಮ್ಮ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರು ಅವರು. ಅವರ ಮನೆಮಾತು ಕನ್ನಡವಾಗಿರಲಿಲ್ಲ. ಮುಂದೆ ಹೆಸರಿಸಲಿರುವ ಜನರಲ್ ತಿಮ್ಮಯ್ಯನವರ ಮನೆಮಾತೂ ಕನ್ನಡವಾಗಿರಲಿಲ್ಲ. ಕನ್ನಡ ನಾಡೆಂಬುದು ಹಲವು ಮನೆಮಾತುಗಳ ಮನೆ ಎಂಬುದನ್ನು ಮರೆಯದೆ ಅವರನ್ನು ನಮ್ಮವರೆಂದು ಕರೆಯೋಣ.

1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ಸರದಿಯ ಪ್ರಕಾರ ಭಾರತದ ಪಾಲಿಗೆ ಬಂದಿತ್ತು. ಅದೇ ತಿಂಗಳ 25ರಂದು ಕೊರಿಯಾ ಯುದ್ಧ ಸ್ಫೋಟಿಸಿತು. ಚೀನಾದ ಸ್ಥಾನದ ವಿವಾದದಿಂದಾಗಿ ಸೋವಿಯತ್ ಒಕ್ಕೂಟ ಮಂಡಳಿಯನ್ನು ಬಹಿಷ್ಕರಿಸಿದ್ದ ಕಾಲವದು. ಉತ್ತರ ಕೊರಿಯಾದ ಸೇನೆ ಹಿಂದೆ ಸರಿಯಬೇಕೆಂಬ ಮೊದಲ ನಿರ್ಣಯಕ್ಕೆ ಭಾರತ ಮತ ಹಾಕಿತು. ಸೇನಾ ನೆರವನ್ನು ಕೋರಿದ 27ರ ನಿರ್ಣಯದ ವೇಳೆಗೆ ಸರ್ಕಾರದ ಆದೇಶ ಕೈಸೇರದ ಕಾರಣ ರಾವ್ ಅವರು ಮತದಾನದಲ್ಲಿ ಪಾಲ್ಗೊಳ್ಳಲಿಲ್ಲ. ಎರಡು ದಿನಗಳ ಬಳಿಕ ಭಾರತ ಅದನ್ನು ಒಪ್ಪಿತು. ಜುಲೈ 7ರಂದು ಅಮೆರಿಕದ ನೇತೃತ್ವದಲ್ಲಿ ಏಕೀಕೃತ ಸೇನಾಪತ್ಯವನ್ನು ರಚಿಸುವ ನಿರ್ಣಯ ಬಂದಾಗ ಭಾರತ ತಟಸ್ಥವಾಗಿ ಉಳಿಯಿತು. ಆಕ್ರಮಣವನ್ನು ಖಂಡಿಸಿದ ದೇಶವೇ ಖಂಡನೆಯ ಹೆಸರಿನಲ್ಲಿ ಯುದ್ಧ ಬೆಳೆಯುವುದನ್ನು ಒಪ್ಪಲಿಲ್ಲ. ಎರಡೂ ಕಡೆಯವರಿಗೆ ಇದು ಅರ್ಥವಾಗಲಿಲ್ಲ. ಎರಡೂ ಕಡೆಯವರು ನಮ್ಮನ್ನು ಟೀಕಿಸಿದರು.

ಆದರೆ ಆ ತಟಸ್ಥತೆಗೆ ಬೆನ್ನೆಲುಬಿತ್ತು. ಭಾರತ ತನ್ನ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ಘಟಕವನ್ನು ಕೊರಿಯಾದ ರಣರಂಗಕ್ಕೆ ಕಳುಹಿಸಿತು. 1950ರ ಡಿಸೆಂಬರ್‌ನಲ್ಲಿ ಏಷ್ಯಾ ಮತ್ತು ಅರಬ್ ರಾಷ್ಟ್ರಗಳ ಪರವಾಗಿ ಕದನವಿರಾಮದ ನಿರ್ಣಯವನ್ನು ಮಹಾಸಭೆಯ ಮುಂದಿಟ್ಟವರಲ್ಲಿ ನರಸಿಂಗ ರಾವ್ ಪ್ರಮುಖರು. ಅದರಂತೆ ರಚಿತವಾದ ಮೂವರ ಸಮಿತಿಯಲ್ಲಿ ಇರಾನಿನ ಎಂಟೆಜಾಮ್ ಮತ್ತು ಕೆನಡಾದ ಪಿಯರ್ಸನ್ ಅವರೊಂದಿಗೆ ಅವರೂ ಇದ್ದರು. ಆ ಯತ್ನ ಆಗ ಫಲಿಸಲಿಲ್ಲ. ಯುದ್ಧ ನಿಂತದ್ದು 1953ರ ಜುಲೈ 27ರಂದು.

ಯುದ್ಧ ನಿಂತ ಮೇಲೆ ಉಳಿದದ್ದು ಕೈದಿಗಳ ಪ್ರಶ್ನೆ. ತಾಯ್ನಾಡಿಗೆ ಮರಳಲು ಒಲ್ಲೆವೆಂದ ಯುದ್ಧಕೈದಿಗಳ ಸಂಖ್ಯೆ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು. ಯುದ್ಧ ಮುಗಿದೊಡನೆ ಕೈದಿಗಳನ್ನು ಸ್ವದೇಶಕ್ಕೆ ಕಳುಹಿಸಬೇಕೆಂದು 1949ರ ಜಿನೀವಾ ಒಡಂಬಡಿಕೆ ಹೇಳಿತ್ತು. ಹೋಗಲೊಲ್ಲದವನನ್ನು ಏನು ಮಾಡಬೇಕೆಂದು ಅದು ಬಿಡಿಸಿ ಹೇಳಿರಲಿಲ್ಲ. ಈ ಬಿಕ್ಕಟ್ಟನ್ನು ಬಗೆಹರಿಸಲು ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ ಸೇರಿದ ತಟಸ್ಥ ರಾಷ್ಟ್ರಗಳ ಆಯೋಗ ರಚಿತವಾಯಿತು. ಅದರ ಅಧ್ಯಕ್ಷರು ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕಾವಲು ಕಾಯ್ದವರು ಭಾರತೀಯ ಸೈನಿಕರು. ಯಾವ ಕೈದಿಯನ್ನೂ ಬಲವಂತದಿಂದ ಯಾವ ಕಡೆಗೂ ತಳ್ಳಲಾಗದೆಂಬ ನಿಲುವಿನಿಂದ ತಿಮ್ಮಯ್ಯನವರು ಕದಲಲಿಲ್ಲ. ಎರಡೂ ಪಾಳೆಯಗಳನ್ನು ಒಲ್ಲೆವೆಂದ 88 ಮಂದಿಯನ್ನು 1954ರಲ್ಲಿ ಭಾರತವೇ ಕರೆತಂದಿತು. ಅವರು ದೆಹಲಿಯಲ್ಲಿ ಆಶ್ರಯ ಪಡೆದರು. ಬಹುಪಾಲು ಜನ ಮುಂದೆ ಬ್ರೆಜಿಲ್, ಆರ್ಜೆಂಟೀನಾ ಮುಂತಾದ ದೇಶಗಳಿಗೆ ತೆರಳಿದರು, ಕೆಲವರು ಇಲ್ಲಿಯೇ ಉಳಿದು ಬಾಳಿದರು. ತಿಮ್ಮಯ್ಯನವರು ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾದರು. 1965ರ ಡಿಸೆಂಬರ್‌ನಲ್ಲಿ ಕರ್ತವ್ಯದ ಮೇಲಿದ್ದಾಗಲೇ ಅಲ್ಲಿ ಕೊನೆಯುಸಿರೆಳೆದರು.

ಈ ಹಳೆಯ ಕಥೆಯನ್ನು ಅಭಿಮಾನಕ್ಕಾಗಿ ಮಾತ್ರ ಹೇಳುತ್ತಿಲ್ಲ. 2022ರ ಫೆಬ್ರವರಿ 25ರಂದು ಉಕ್ರೇನ್ ಮೇಲಿನ ದಾಳಿಯನ್ನು ಖಂಡಿಸುವ ನಿರ್ಣಯವನ್ನು ದಾಳಿ ಮಾಡಿದ ರಷ್ಯಾವೇ ತನ್ನ ವೀಟೋದಿಂದ ತಡೆಯಿತು. ಗಾಜಾದಲ್ಲಿ ಕದನವಿರಾಮ ಕೋರಿದ ನಿರ್ಣಯಗಳನ್ನು 2023ರ ಡಿಸೆಂಬರ್‌ನಲ್ಲಿಯೂ 2024ರ ಫೆಬ್ರವರಿಯಲ್ಲಿಯೂ ಅಮೆರಿಕ ತಡೆಯಿತು. ಭದ್ರತೆಯ ಕಾವಲಿಗೆಂದು ನೇಮಿಸಿದವರೇ ಹೀಗೆ ಮಾಡಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಲ್ಲವೆ? ಉಕ್ರೇನ್ ನಿರ್ಣಯದಲ್ಲಿ ಭಾರತ ತಟಸ್ಥವಾಗಿ ಉಳಿಯಿತು. ಅದಕ್ಕೆ ಕಾರಣಗಳಿದ್ದುವು, ಅಲ್ಲಿ ಓದುತ್ತಿದ್ದ ನಮ್ಮ ಸಹಸ್ರಾರು ವಿದ್ಯಾರ್ಥಿಗಳನ್ನು ಹೊರತರಬೇಕಿತ್ತು. ಅವರಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಖಾರ್ಕಿವ್‌ನ ಶೆಲ್ ದಾಳಿಯಲ್ಲಿ ಪ್ರಾಣ ಕಳೆದುಕೊಂಡದ್ದನ್ನು ಯಾವ ಕನ್ನಡಿಗನೂ ಮರೆಯಲಾರ. ತಟಸ್ಥತೆ ತಪ್ಪೆಂದು ನಾನು ಹೇಳುತ್ತಿಲ್ಲ. 1950ರ ತಟಸ್ಥತೆಗೆ ಗೌರವ ತಂದುಕೊಟ್ಟದ್ದು ಅದರ ಹಿಂದೆಯೇ ಹೊರಟ ವೈದ್ಯರು, ಕಾವಲು ನಿಂತ ಸೈನಿಕರು, ಆಶ್ರಯ ಕೊಟ್ಟ ನಗರ. ಮತ ಹಾಕದವನು ಹೊರೆಯನ್ನಾದರೂ ಹೊರಬೇಕು ಎಂಬ ಪಾಠವನ್ನು ನಾವು ಇತರರಿಗೆ ಕಲಿಸಿದವರು. ನಮ್ಮ ಪಾಠವನ್ನು ನಾವೇ ಮರೆಯಬಾರದು.

ಎರಡನೆಯದು ಮಾನವ ಹಕ್ಕುಗಳ ಮಾತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ಥಾಪನೆಯಾದದ್ದು 1993ರ ಅಕ್ಟೋಬರ್ 12ರಂದು. ಇಂಥ ಆಯೋಗಗಳು ಸರ್ಕಾರದ ಹಂಗಿಲ್ಲದೆ ಹೇಗೆ ಕೆಲಸ ಮಾಡಬೇಕೆಂಬ ತತ್ತ್ವಗಳನ್ನು 1991ರಲ್ಲಿ ಪ್ಯಾರಿಸ್‌ನಲ್ಲಿ ಕಲೆತವರು ರೂಪಿಸಿದ್ದರು. ವಿಶ್ವಸಂಸ್ಥೆಯ ಮಹಾಸಭೆ 1993ರ ಡಿಸೆಂಬರ್‌ನಲ್ಲಿ ಅವುಗಳನ್ನು ಅಂಗೀಕರಿಸಿತು. ದೆಹಲಿಯ ಈ ಆಯೋಗದ ಅಧ್ಯಕ್ಷಪೀಠದಲ್ಲಿ ಮೂವರು ಕನ್ನಡಿಗರು ಕುಳಿತಿದ್ದಾರೆ: 1996ರಿಂದ 1999ರವರೆಗೆ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ, 2007ರಿಂದ 2009ರವರೆಗೆ ನ್ಯಾಯಮೂರ್ತಿ ಎಸ್. ರಾಜೇಂದ್ರ ಬಾಬು, 2016ರಿಂದ 2020ರವರೆಗೆ ನ್ಯಾಯಮೂರ್ತಿ ಎಚ್. ಎಲ್. ದತ್ತು. ನ್ಯಾಯಮೂರ್ತಿ ವಿ. ಎಸ್. ಮಳಿಮಠ, ನ್ಯಾಯಮೂರ್ತಿ ಶಿವರಾಜ ಪಾಟೀಲ ಅವರೂ ಆಯೋಗದ ಸದಸ್ಯರಾಗಿದ್ದರು.

ಪ್ಯಾರಿಸ್‌ನ ತತ್ತ್ವ ನಮ್ಮ ಊರಿನ ಗುಡ್ಡವನ್ನು ಏರಿದ ಒಂದು ಪ್ರಸಂಗವಿದೆ. ವೀರಪ್ಪನ್‌ನನ್ನು ಹಿಡಿಯಲೆಂದು ಕರ್ನಾಟಕ ಮತ್ತು ತಮಿಳುನಾಡು ಸರ್ಕಾರಗಳು ವಿಶೇಷ ಕಾರ್ಯಪಡೆಗಳನ್ನು ಕಟ್ಟಿ ಜಂಟಿಯಾಗಿ ಕಾರ್ಯಾಚರಣೆ ನಡೆಸಿದವು. ಎರಡು ರಾಜ್ಯಗಳು ಸೇರಿ ಮಾಡಿದ ಇದೂ ಸಾಮೂಹಿಕ ಭದ್ರತೆಯೇ. ವೀರಪ್ಪನ್ ಕೊಂದವರ ಪಟ್ಟಿ ದೊಡ್ಡದು, ಪೊಲೀಸರೂ ಅರಣ್ಯ ಸಿಬ್ಬಂದಿಯೂ ಪ್ರಾಣ ತೆತ್ತಿದ್ದಾರೆ. ಭದ್ರತೆಯ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗಡಿಯ ಎರಡೂ ಬದಿಯ ಹಳ್ಳಿಗರು, ಸೋಲಿಗರು, ಹೆಂಗಸರು ಕೂಡ ಕಾರ್ಯಪಡೆಯ ಶಿಬಿರಗಳಲ್ಲಿ ಚಿತ್ರಹಿಂಸೆ ಅನುಭವಿಸಿದರೆಂಬ ದೂರುಗಳು ಬಂದವು. 1999ರಲ್ಲಿ ಆಯೋಗವು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಅದರ ವರದಿಯ ಆಧಾರದ ಮೇಲೆ 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳ ಮಧ್ಯಂತರ ಪರಿಹಾರ ನೀಡಬೇಕೆಂದಿತು.

ಈ ಪ್ರಸಂಗದಲ್ಲಿ ಸಮಾಧಾನಕ್ಕೂ ಸಂಕಟಕ್ಕೂ ಎಡೆಯಿದೆ. ರಾಜ್ಯ ಸರ್ಕಾರಗಳೆರಡೂ ಒಂದಾಗಿ ನಿಂತಾಗ ಕಾಡಿನ ಸೋಲಿಗನ ದೂರನ್ನು ಕೇಳಲು ಇವೆರಡಕ್ಕೂ ಹೊರತಾದ ಒಂದು ಕಿವಿ ಬೇಕಿತ್ತು. ಆ ಕಿವಿ ದೆಹಲಿಯಲ್ಲಿತ್ತು. ಅದು ಸಮಾಧಾನ. ದೂರಿಗೂ ಪರಿಹಾರಕ್ಕೂ ನಡುವೆ ಒಂದು ದಶಕಕ್ಕಿಂತ ಹೆಚ್ಚು ಕಾಲ ಕಳೆಯಿತು; ಆಯೋಗಕ್ಕೆ ಶಿಫಾರಸು ಮಾಡುವ ಅಧಿಕಾರವಿದೆ, ಶಿಕ್ಷಿಸುವ ಅಧಿಕಾರವಿಲ್ಲ. ಅದು ಸಂಕಟ. ಚಿತ್ರಹಿಂಸೆ ವಿರೋಧಿ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿದ್ದು 1997ರ ಅಕ್ಟೋಬರ್ 14ರಂದು, ವೆಂಕಟಾಚಲಯ್ಯನವರು ಆಯೋಗದ ಅಧ್ಯಕ್ಷರಾಗಿದ್ದಾಗ. 2010ರಲ್ಲಿ ಲೋಕಸಭೆ ಒಂದು ವಿಧೇಯಕವನ್ನು ಅಂಗೀಕರಿಸಿತು. ಅದು ಕಾನೂನಾಗದೆ ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೆಯ ವರದಿಯಲ್ಲಿ ಒಡಂಬಡಿಕೆಯನ್ನು ಸ್ಥಿರೀಕರಿಸಲು ಶಿಫಾರಸು ಮಾಡಿತು. ಸಹಿ ಬಿದ್ದು ಕಾಲು ಶತಮಾನ ಕಳೆದರೂ ಸ್ಥಿರೀಕರಣ ಆಗಿಲ್ಲ. ನಮ್ಮ ಆಯೋಗದ ಮರುಮಾನ್ಯತೆಯನ್ನು ಇಂಥ ಆಯೋಗಗಳ ಜಾಗತಿಕ ಒಕ್ಕೂಟ 2023ರಲ್ಲಿಯೂ 2024ರಲ್ಲಿಯೂ ಮುಂದೂಡಿತು. ತನಿಖೆಯಲ್ಲಿ ಪೊಲೀಸ್ ಅಧಿಕಾರಿಗಳ ಪಾತ್ರ ಮತ್ತು ಸದಸ್ಯರ ಆಯ್ಕೆಯಲ್ಲಿ ವೈವಿಧ್ಯದ ಕೊರತೆ ಆಕ್ಷೇಪಗಳಲ್ಲಿ ಸೇರಿದ್ದುವು. ಹೊರಗಿನವರಿಗೆ ನಮ್ಮ ಮನೆಯ ಮಾತೇಕೆ ಎಂದು ಸಿಟ್ಟಾಗುವುದು ಸುಲಭ. ನನಗೆ ತೋರುವಂತೆ ಆಕ್ಷೇಪಿಸಿದವರು ಯಾರೆಂಬುದಕ್ಕಿಂತ ಆಕ್ಷೇಪ ನಿಜವೋ ಅಲ್ಲವೋ ಎಂಬುದು ಮುಖ್ಯ.

ಸಹಿ ಮನೆಬಾಗಿಲಿಗೆ ಬಂದು ಫಲ ಕೊಟ್ಟ ನಿದರ್ಶನವೂ ಇದೆ. ಸ್ತ್ರೀಯರ ವಿರುದ್ಧದ ತಾರತಮ್ಯವನ್ನು ತೊಡೆಯುವ 1979ರ ಒಡಂಬಡಿಕೆಯನ್ನು ಭಾರತ 1993ರಲ್ಲಿ ಸ್ಥಿರೀಕರಿಸಿತು. ಅಂತಾರಾಷ್ಟ್ರೀಯ ಕಾನೂನನ್ನು ಗೌರವಿಸಬೇಕೆಂದು ನಮ್ಮ ಸಂವಿಧಾನದ 51ನೆಯ ಅನುಚ್ಛೇದ ಹೇಳುತ್ತದೆ. ಇವೆರಡನ್ನೂ ಆಧಾರವಾಗಿಟ್ಟುಕೊಂಡು ಸರ್ವೋಚ್ಚ ನ್ಯಾಯಾಲಯ 1997ರ ಆಗಸ್ಟ್‌ನಲ್ಲಿ ವಿಶಾಖಾ ಪ್ರಕರಣದ ತೀರ್ಪಿತ್ತಿತು. 2013ರಲ್ಲಿ ಅದು ಕಾನೂನಾಯಿತು. ನೋಯ್ಡಾ, ಗುರುಗ್ರಾಮಗಳ ಕಚೇರಿಗಳಲ್ಲಿ ದುಡಿಯುತ್ತಿರುವ ನಮ್ಮ ಹೆಣ್ಣುಮಕ್ಕಳು ಕಿರುಕುಳದ ವಿರುದ್ಧ ದೂರು ಕೊಡುವ ಆಂತರಿಕ ಸಮಿತಿಯ ಬೇರು ಆ ಒಡಂಬಡಿಕೆಯಲ್ಲಿದೆ. ರಾಜಸ್ಥಾನದ ಹಳ್ಳಿಯೊಂದರ ಕಾರ್ಯಕರ್ತೆಯ ಮೇಲಾದ ಅತ್ಯಾಚಾರದ ನೋವು ಮತ್ತು ಮಹಿಳಾ ಸಂಘಟನೆಗಳ ಹೋರಾಟ ಇಲ್ಲದಿದ್ದರೆ ಆ ಬೇರು ಚಿಗುರುತ್ತಿರಲಿಲ್ಲ ಎಂಬುದನ್ನೂ ನೆನೆಯಬೇಕು. ಹೊರೆ ಹೊತ್ತವರು ಬಾಗಿಲು ತಟ್ಟಿದಾಗಲೇ ಸಹಿಗೆ ಜೀವ ಬಂದದ್ದು.

ಮೂರನೆಯದು ವ್ಯಾಪಾರ. ಇಲ್ಲಿ ಕನ್ನಡ ನಾಡು ಪ್ರೇಕ್ಷಕನಾಗಿ ಕುಳಿತಿರಲಿಲ್ಲ. ಗ್ಯಾಟ್ ಮಾತುಕತೆಗಳ ಡಂಕೆಲ್ ಪ್ರಸ್ತಾವ ಹೊರಬಿದ್ದದ್ದು 1991ರ ಡಿಸೆಂಬರ್‌ನಲ್ಲಿ. ದೇಶದ ಬಹುಮಂದಿ ವಿದ್ಯಾವಂತರು ಅದನ್ನು ಓದುವ ಮುನ್ನವೇ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತ ಸಂಘ ಹಸಿರು ಶಾಲು ಹೊದ್ದ ರೈತರಿಗೆ ಅದರ ಅರ್ಥವನ್ನು ವಿವರಿಸತೊಡಗಿತ್ತು: ಬೀಜದ ಮೇಲೆ ಕಂಪನಿಗೆ ಹಕ್ಕು ಸಿಕ್ಕರೆ, ತನ್ನ ಹೊಲದ ಫಸಲಿನಿಂದ ಬೀಜ ಎತ್ತಿಟ್ಟುಕೊಳ್ಳುವ ರೈತ ಕಳ್ಳನಾಗುತ್ತಾನೆ. 1992ರ ಡಿಸೆಂಬರ್ 29ರಂದು ಬೆಂಗಳೂರಿನಲ್ಲಿ ಕಾರ್ಗಿಲ್ ಕಂಪನಿಯ ಕಚೇರಿಯ ಕಡತಗಳನ್ನು ರೈತರು ಹೊರಗೆಳೆದು ಸುಟ್ಟರು. 1993ರ ಜುಲೈಯಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿಯ ಕಟ್ಟಡವನ್ನು ಕೆಡವಿದರು. ಪರರ ಆಸ್ತಿಯನ್ನು ನಾಶಪಡಿಸುವುದನ್ನು ನಾನು ಸಮರ್ಥಿಸಲಾರೆ. ಆದರೆ ಅವರು ಎತ್ತಿದ ಪ್ರಶ್ನೆ ಕಡತದೊಂದಿಗೆ ಸುಟ್ಟುಹೋಗಲಿಲ್ಲ. ಸಸ್ಯತಳಿಗಳ ರಕ್ಷಣೆಗೆ ಪ್ರತಿ ದೇಶ ತನ್ನದೇ ವ್ಯವಸ್ಥೆ ಮಾಡಿಕೊಳ್ಳಲು ಅಂತಿಮ ಒಪ್ಪಂದದಲ್ಲಿದ್ದ ಅವಕಾಶವನ್ನು ಬಳಸಿಕೊಂಡು ಭಾರತ 2001ರಲ್ಲಿ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯನ್ನು ಮಾಡಿತು. ಅದರ 39ನೆಯ ಸೆಕ್ಷನ್ ಪ್ರಕಾರ ರೈತ ತನ್ನ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು. ಕಂಪನಿಯ ಮುದ್ರೆ ಒತ್ತದೆ ಮಾರಲೂಬಹುದು. 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಬಹುರಾಷ್ಟ್ರೀಯ ಕಂಪನಿಯೊಂದು ಹೂಡಿದ್ದ ದಾವೆಯನ್ನು ಹಿಂತೆಗೆದುಕೊಂಡಾಗ ರೈತರ ಕೈಯಲ್ಲಿದ್ದ ಗುರಾಣಿ ಈ ಸೆಕ್ಷನ್. ಒಪ್ಪಂದವನ್ನು ಪ್ರಶ್ನಿಸಿದವರಿಂದಲೇ ಒಪ್ಪಂದ ಸಹನೀಯವಾಯಿತು.

ಪ್ರಶ್ನಿಸಲು ಸಮಯವೇ ಸಿಗದ ಒಪ್ಪಂದಗಳ ಕಥೆ ಬೇರೆ. ಶ್ರೀಲಂಕಾದೊಡನೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ದೆಹಲಿಯಲ್ಲಿ ಸಹಿ ಬಿದ್ದದ್ದು 1998ರ ಡಿಸೆಂಬರ್ 28ರಂದು; ಅದು 2000ದ ಮಾರ್ಚ್‌ನಲ್ಲಿ ಜಾರಿಗೆ ಬಂತು. ನೆರೆಯ ದೇಶದೊಂದಿಗೆ ಸ್ನೇಹ ಬೆಳೆಯಲೆಂಬ ಆಶಯ ಒಳ್ಳೆಯದೇ. ಆದರೆ ವಿಯೆಟ್ನಾಮಿನ ಕಾಳುಮೆಣಸು ಶ್ರೀಲಂಕಾದ ಹೆಸರು ಹೊತ್ತು ಕಡಿಮೆ ಸುಂಕದಲ್ಲಿ ಒಳನುಗ್ಗುತ್ತಿದೆಯೆಂದು ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಳೆಗಾರರು ವರ್ಷಗಟ್ಟಲೆ ಮೊರೆಯಿಟ್ಟರು. ಕಿಲೋಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆಯನ್ನು ಸರ್ಕಾರ ವಿಧಿಸಿದ್ದು 2017ರ ಡಿಸೆಂಬರ್‌ನಲ್ಲಿ. ತಿಮ್ಮಯ್ಯನವರ ಕೊಡಗಿನ ಬೆಳೆಗಾರ ತನ್ನ ದನಿಯನ್ನು ದೆಹಲಿಗೆ ಮುಟ್ಟಿಸಲು ಒಪ್ಪಂದದ ಬಳಿಕ ಅಷ್ಟು ಕಾಲ ಕಾಯಬೇಕಾಯಿತು. ಇದಕ್ಕೆ ಪ್ರತಿಯಾಗಿ, ಹದಿನಾರು ದೇಶಗಳ ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆಯ ಮಾತುಕತೆಯಲ್ಲಿ ಹಾಲು ಉತ್ಪಾದಕರ ವಿರೋಧ ಮೊದಲೇ ಕೇಳಿಬಂದಿತ್ತು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಅದರಿಂದ ಹೊರಬಂದಿತು. ಅದು ಸರಿಯೋ ತಪ್ಪೋ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಹೊರೆ ಹೊರಬೇಕಾದವರ ದನಿ ಸಹಿಗೆ ಮುನ್ನ ಕೇಳಿಬಂತು ಎಂಬಷ್ಟರಲ್ಲಿ ನನಗೆ ಸಂತೋಷ.

ಹಾಗಾದರೆ ಅಂತಾರಾಷ್ಟ್ರೀಯ ವ್ಯಾಪಾರದ ನಿಯಮಗಳೇ ಬೇಡವೆನ್ನೋಣವೆ? ಕೂಡದು. ಬೆಂಗಳೂರಿನ ತಂತ್ರಾಂಶವೂ ಚಿಕ್ಕಮಗಳೂರಿನ ಕಾಫಿಯೂ ಹೊರಜಗತ್ತಿನ ಮಾರುಕಟ್ಟೆಯನ್ನೇ ನಂಬಿವೆ. ನಿಯಮವಿಲ್ಲದ ಸಂತೆಯಲ್ಲಿ ಗೆಲ್ಲುವವನು ತೋಳ್ಬಲವುಳ್ಳವನು. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಹಲವು ಸರಕುಗಳ ಮೇಲೆ ಶೇಕಡಾ 50ರ ಸುಂಕ ಹೇರಿದಾಗ ನಾವು ನ್ಯಾಯ ಕೇಳಲು ಹೋಗಬಹುದಾಗಿದ್ದ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2019ರ ಡಿಸೆಂಬರ್‌ನಿಂದಲೇ ನಿಷ್ಕ್ರಿಯವಾಗಿತ್ತು. ಅದರ ಸದಸ್ಯರ ನೇಮಕವನ್ನು ತಡೆದು ನಿಲ್ಲಿಸಿದ್ದು ಅಮೆರಿಕವೇ. ಆದರೆ ನ್ಯಾಯವಾದಿಯಾಗಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ನಮ್ಮ ಕಬ್ಬು ಬೆಳೆಗಾರರಿಗೆ ಕೊಡುವ ಬೆಂಬಲ ಮಿತಿ ಮೀರಿದೆಯೆಂದು ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾಗಳು ಹೂಡಿದ ವ್ಯಾಜ್ಯದಲ್ಲಿ 2021ರ ಡಿಸೆಂಬರ್‌ನಲ್ಲಿ ತೀರ್ಪು ನಮಗೆ ವಿರುದ್ಧವಾಗಿ ಬಂದಾಗ, ಕೂರದ ಅದೇ ಮಂಡಳಿಗೆ ನಾವು ಮೇಲ್ಮನವಿ ಸಲ್ಲಿಸಿದೆವು, ತೀರ್ಪು ತೂಗುಬಿದ್ದಿತು. ಮಂಡ್ಯ, ಬೆಳಗಾವಿಗಳ ರೈತರ ಹಿತದೃಷ್ಟಿಯಿಂದ ಅದು ಅನುಕೂಲವೇ. ನ್ಯಾಯಾಧೀಶನಿಲ್ಲದ ನ್ಯಾಯಾಲಯ ಇಂದು ನಮಗೆ ನೆರಳಾದರೆ ನಾಳೆ ನಮ್ಮ ಎದುರಾಳಿಗೂ ನೆರಳಾಗುತ್ತದೆ ಎಂಬುದನ್ನು ಮರೆತರೆ ಕೆಡುವವರು ನಾವೇ.

ಈ ಮೂರೂ ಕ್ಷೇತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಲೋಪ ಕಣ್ಣಿಗೆ ಹೊಡೆಯುತ್ತದೆ. ವಿದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಸಂವಿಧಾನದ ಪ್ರಕಾರ ಕೇಂದ್ರದ ಅಧಿಕಾರ. ಕೃಷಿ ರಾಜ್ಯಪಟ್ಟಿಯ ವಿಷಯವಾದರೂ, ಒಪ್ಪಂದವನ್ನು ಜಾರಿಗೊಳಿಸಲು 253ನೆಯ ಅನುಚ್ಛೇದದಂತೆ ಸಂಸತ್ತು ಅದರ ಮೇಲೂ ಕಾನೂನು ಮಾಡಬಲ್ಲದು. ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಸಂಸತ್ತಿನ ಸಮ್ಮತಿಯನ್ನಾಗಲಿ, ರಾಜ್ಯಗಳ ಅಭಿಪ್ರಾಯವನ್ನಾಗಲಿ ಪಡೆಯಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. 2025ರ ಜುಲೈ 24ರಂದು ಬ್ರಿಟನ್ನಿನೊಡನೆ ವ್ಯಾಪಾರ ಒಪ್ಪಂದಕ್ಕೆ ಸಹಿಯಾಯಿತು. 2010ರ ಕಾನೂನಿನ ಪ್ರಕಾರ ಬ್ರಿಟಿಷ್ ಸರ್ಕಾರ ಇಂಥ ಒಪ್ಪಂದವನ್ನು ಸ್ಥಿರೀಕರಿಸುವ ಮುನ್ನ 21 ಕಲಾಪದ ದಿನಗಳ ಕಾಲ ತನ್ನ ಸಂಸತ್ತಿನ ಮುಂದಿಡಬೇಕು. ಅದೇ ಕಾಗದದ ಈ ಬದಿಯಲ್ಲಿ ಸಹಿ ಹಾಕಿದ ನಮ್ಮ ಸರ್ಕಾರಕ್ಕೆ ಅಂಥ ಕಟ್ಟುಪಾಡಿಲ್ಲ. ಸಂಸದೀಯ ಪದ್ಧತಿಯನ್ನು ಅವರಿಂದ ಕಲಿತ ನಾವು ಈ ಒಂದು ಪಾಠವನ್ನು ಬಿಟ್ಟುಬಂದೆವು.

ಪರಿಹಾರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಂವಿಧಾನದ ಕಾರ್ಯನಿರ್ವಹಣೆಯ ಪರಾಮರ್ಶೆಗಾಗಿ 2000ದಲ್ಲಿ ನೇಮಕವಾದ ರಾಷ್ಟ್ರೀಯ ಆಯೋಗ 2002ರಲ್ಲಿ ವರದಿ ಕೊಟ್ಟಿತು. ಅದರ ಅಧ್ಯಕ್ಷರು ಮತ್ತೆ ನ್ಯಾಯಮೂರ್ತಿ ವೆಂಕಟಾಚಲಯ್ಯನವರೇ. ರಾಜ್ಯಪಟ್ಟಿಯ ವಿಷಯಗಳಲ್ಲಿ ರಾಜ್ಯಗಳ ಹಿತಕ್ಕೆ ತೀವ್ರವಾಗಿ ತಟ್ಟುವ ಒಪ್ಪಂದಗಳಿಗೆ ಸಹಿ ಹಾಕುವ ಮುನ್ನ ಕೇಂದ್ರ ಸರ್ಕಾರ ಅಂತರರಾಜ್ಯ ಪರಿಷತ್ತಿನೊಡನೆ ಸಮಾಲೋಚಿಸುವುದನ್ನು ಪರಿಗಣಿಸಬೇಕೆಂದು ಆ ಆಯೋಗ ಹೇಳಿತು. ಒಪ್ಪಂದ ಮಾಡಿಕೊಳ್ಳುವ ಅಧಿಕಾರವನ್ನು ಕ್ರಮಬದ್ಧಗೊಳಿಸುವ ಕಾನೂನಿನ ಅಗತ್ಯವನ್ನೂ ಎತ್ತಿ ತೋರಿತು. ಆ ವರದಿಯ ಆ ಪುಟಗಳು ಹಾಗೆಯೇ ಉಳಿದಿವೆ.

ಮಾತುಕತೆಯ ಗುಟ್ಟು ಬಯಲಾದರೆ ಎದುರಾಳಿಗೆ ಲಾಭವಲ್ಲವೆ ಎಂದು ಕೇಳುವವರಿದ್ದಾರೆ. ಆ ಶಂಕೆಯಲ್ಲಿ ತಥ್ಯವಿದೆ. ಚೌಕಾಸಿಯ ಪ್ರತಿ ಹೆಜ್ಜೆಯನ್ನೂ ಬೀದಿಯಲ್ಲಿಡಬೇಕೆಂದು ಯಾರೂ ಹೇಳುತ್ತಿಲ್ಲ. ಯಾವ ಬೆಳೆಗಳು, ಯಾವ ಜಿಲ್ಲೆಗಳು ಒಪ್ಪಂದದ ವ್ಯಾಪ್ತಿಗೆ ಬರುತ್ತವೆಂದು ಮೊದಲೇ ತಿಳಿಸಿ ಅಭಿಪ್ರಾಯ ಕೇಳುವುದರಿಂದ, ಸಹಿಯಾದ ಕರಡನ್ನು ಸ್ಥಿರೀಕರಣಕ್ಕೆ ಮುನ್ನ ಸಂಸತ್ತಿನ ಮುಂದಿಡುವುದರಿಂದ ಗುಟ್ಟು ರಟ್ಟಾಗುವುದಿಲ್ಲ. ರಾಜ್ಯಗಳನ್ನು ಕೇಳುತ್ತ ಕುಳಿತರೆ ತಡವಾಗುತ್ತದೆಂಬುದು ಇನ್ನೊಂದು ಆಕ್ಷೇಪ. ತಡವಾಗಬಹುದು. ಕೇಳದೆ ಮಾಡಿದ ಒಪ್ಪಂದವನ್ನು ತಿದ್ದಲು ಮೆಣಸಿನ ಬೆಳೆಗಾರ ಕಾದಷ್ಟು ತಡವಾಗಲಾರದು. ನಮ್ಮ ದೇಶದೊಳಗಿನ ಹೊರೆಹೊರುವವರ ಮಾತನ್ನು ಕೇಳಿಸಿಕೊಂಡು ಹೋದ ಪ್ರತಿನಿಧಿಗೆ ಜಿನೀವಾದಲ್ಲಿ ಬಲ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ. ಸಂಸತ್ತು ಒಪ್ಪುವುದಿಲ್ಲವೆಂದು ಹೇಳುವ ಅನುಕೂಲ ಇಂದು ಅನ್ಯ ದೇಶಗಳ ಪ್ರತಿನಿಧಿಗಳಿಗಿದೆ, ನಮ್ಮವರಿಗಿಲ್ಲ.

ದೂರದ ದೆಹಲಿಯಲ್ಲಿರುವ ಒಂದು ಕನ್ನಡ ಸಂಘ ಇದರಲ್ಲಿ ಏನು ಮಾಡೀತು ಎಂದು ನೀವು ಕೇಳಬಹುದು. ರಾಜ್ಯೋತ್ಸವ, ಯಕ್ಷಗಾನ, ಯುಗಾದಿಯ ಊಟ ಇವೆಲ್ಲ ಇರಲಿ. ಅವು ನಮ್ಮನ್ನು ಒಟ್ಟಿಗೆ ಹಿಡಿದಿಟ್ಟಿವೆ. ಆದರೆ ನಮ್ಮ ಸದಸ್ಯರಲ್ಲಿ ಕೇಂದ್ರ ಸರ್ಕಾರದ ಸಚಿವಾಲಯಗಳಲ್ಲಿ ಕಡತ ನೋಡಿದವರಿದ್ದಾರೆ, ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸುವವರಿದ್ದಾರೆ, ವಿಶ್ವವಿದ್ಯಾನಿಲಯಗಳಲ್ಲಿ ಅಂತಾರಾಷ್ಟ್ರೀಯ ಕಾನೂನನ್ನು ಬೋಧಿಸುವವರಿದ್ದಾರೆ, ಪತ್ರಕರ್ತರಿದ್ದಾರೆ. ಮೆಣಸು, ರೇಷ್ಮೆ, ಅಡಿಕೆ, ಹಾಲು, ಕಬ್ಬು ಇವುಗಳನ್ನು ತಟ್ಟುವ ಒಂದೊಂದು ಒಪ್ಪಂದದ ಸಾರವನ್ನು ನಾಲ್ಕು ಪುಟಗಳ ತಿಳಿಗನ್ನಡದಲ್ಲಿ ಬರೆದು ಊರಿನ ಬೆಳೆಗಾರರ ಸಂಘಗಳಿಗೆ ಕಳುಹಿಸುವುದು ನಮ್ಮಿಂದಾಗದ ಕೆಲಸವೇನಲ್ಲ. ಕರ್ನಾಟಕದ ಸಂಸದರು ಅಧಿವೇಶನಕ್ಕೆಂದು ದೆಹಲಿಗೆ ಬಂದಾಗ ಅವರನ್ನು ಹಾರ ಹಾಕಲು ಮಾತ್ರ ಕರೆಯದೆ, ಚಿತ್ರಹಿಂಸೆ ವಿರೋಧಿ ಒಡಂಬಡಿಕೆ ಏನಾಯಿತು, ಒಪ್ಪಂದಗಳ ಕಾನೂನು ಏನಾಯಿತು ಎಂದು ಪಕ್ಷಭೇದವಿಲ್ಲದೆ ಕೇಳುವುದೂ ಆಗದ ಕೆಲಸವಲ್ಲ. ಈ ಪತ್ರಿಕೆಯ ಮುಂದಿನ ಸಂಚಿಕೆಗಳಲ್ಲಿ ಅಂಥ ಬರಹಗಳಿಗೆ ಪುಟಗಳನ್ನು ಮೀಸಲಿಡಲು ಸಿದ್ಧನಿದ್ದೇನೆ. ಮುಂಬಯಿ, ಚೆನ್ನೈ, ಹೈದರಾಬಾದ್, ಕಾಸರಗೋಡುಗಳ ಓದುಗರೂ ತಮ್ಮ ಊರಿನ ಅನುಭವವನ್ನು ಬರೆಯಬೇಕೆಂದು ಕೋರುತ್ತೇನೆ.

ಹೊರನಾಡಿನಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ನಮಗೆ ನಿಯಮದ ಬೆಲೆ ಗೊತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವಿರಬೇಕೆನ್ನುವ ಸಂವಿಧಾನದ 350ಎ ಅನುಚ್ಛೇದ ಕಾಸರಗೋಡಿನ ಕನ್ನಡಿಗನಿಗೆ ಆಸರೆ. ಬಹುಸಂಖ್ಯಾತನಿಗೆ ಅದರ ನೆನಪೂ ಇರುವುದಿಲ್ಲ. ಆ ಬರಹ ಕಾಗದದಲ್ಲಿದ್ದರೆ ಸಾಲದು, ಶಾಲೆಯ ಬಾಗಿಲಲ್ಲಿ ನಿಂತು ಅದನ್ನು ಕೇಳುವ ತಂದೆತಾಯಿಗಳು ಬೇಕು ಎಂಬುದೂ ಅವನಿಗೆ ತಿಳಿದಿದೆ. ರಾಷ್ಟ್ರಗಳ ನಡುವಿನ ಒಪ್ಪಂದಗಳ ವಿಷಯವೂ ಇಷ್ಟೇ. ಅವು ದುರ್ಬಲನಿಗೆ ಬೇಕು. ದುರ್ಬಲನು ಕೇಳುವಂತಾದಾಗ ಮಾತ್ರ ಅವು ಉಳಿಯುತ್ತವೆ. ಸಹಿಯ ಊರಿನಲ್ಲಿರುವ ನಾವು ಹೊರೆಯ ಊರಿನ ಪರವಾಗಿ ಕೇಳುವುದನ್ನು ಈ ವರ್ಷವೇ ಆರಂಭಿಸೋಣ.

– ಸಂಪಾದಕ